ಸಂಬಂಧಕ್ಕೆ ಸಾಕ್ಷಿ: ದಾಂಪತ್ಯದ ವೀಸಾ ಮತ್ತು ಸತ್ಯಾಣುವ್ರತ

ನಮ್ಮ ಹಿರಿಯರ ಕಾಲದಲ್ಲಿ ಮದುವೆಗೆ ಕಾಗದದ ಸಾಕ್ಷಿ ಬೇಕಾಗುತ್ತಿರಲಿಲ್ಲ. ಚಪ್ಪರದಡಿಯಲ್ಲಿ ನೆರೆದ ಬಂಧುಬಳಗ, ಧಾರೆಯೆರೆದ ತಾಯ್ತಂದೆಗಳು, ವಿಧಿಯನ್ನು ನಡೆಸಿಕೊಟ್ಟ ಪುರೋಹಿತರು, ಅಕ್ಷತೆಯಿಟ್ಟು ಹರಸಿ ಉಂಡು ಹೋದ ಊರವರು, ಇವರೆಲ್ಲರ ನೆನಪೇ ಆ ವಿವಾಹದ ದಾಖಲೆಯಾಗಿತ್ತು. ಇವಳು ಇವನ ಹೆಂಡತಿ ಹೌದೋ ಅಲ್ಲವೋ ಎಂದು ಕೇಳುವವರು ಯಾರೂ ಇರಲಿಲ್ಲ. ಕೇಳಿದ್ದರೆ ಊರೇ ಉತ್ತರ ಹೇಳುತ್ತಿತ್ತು. ಇಂದು ನಮ್ಮ ಮಕ್ಕಳು ಆಸ್ಟ್ರೇಲಿಯ, ಇಂಗ್ಲೆಂಡ್, ಅಮೆರಿಕ ದೇಶಗಳಲ್ಲಿ ಉದ್ಯೋಗ ಹಿಡಿದು ನೆಲೆಸುತ್ತಿದ್ದಾರೆ. ಇಲ್ಲಿ ಮದುವೆಯಾಗಿ ಅಲ್ಲಿಗೆ ಹೋಗಬೇಕಾದ ಸೊಸೆ ಅಥವಾ ಅಳಿಯ, ತಮ್ಮ ಸಂಬಂಧ ನಿಜವೆಂಬುದನ್ನು ಕಂಡರಿಯದ ಅಧಿಕಾರಿಯೊಬ್ಬನಿಗೆ ಕಾಗದಗಳಿಂದಲೇ ತೋರಿಸಿಕೊಡಬೇಕಾಗಿದೆ. ಆ ಅಧಿಕಾರಿ ಚಪ್ಪರದಡಿಯಲ್ಲಿ ಇರಲಿಲ್ಲ. ಅವನಿಗೆ ನಮ್ಮ ಊರಿನ ನೆನಪೂ ಇಲ್ಲ.

ಹೀಗಾಗಿ ಮದುವೆ ಮುಗಿದ ಮನೆಗಳಲ್ಲಿ ಹೊಸದೊಂದು ಕೆಲಸ ಆರಂಭವಾಗುತ್ತದೆ. ಲಗ್ನಪತ್ರಿಕೆ, ನೋಂದಣಿ ಪತ್ರ, ಛಾಯಾಚಿತ್ರ, ಬ್ಯಾಂಕಿನ ಪಾಸ್‌ಬುಕ್ಕು, ರೈಲು ಮತ್ತು ವಿಮಾನದ ಟಿಕೆಟ್ಟು, ದೂರವಾಣಿ ಕರೆಗಳ ಪಟ್ಟಿ, ನೆಂಟರಿಷ್ಟರ ಹೇಳಿಕೆ ಇವನ್ನೆಲ್ಲ ಕೂಡಿಸಿ ಒಂದು ಕಡತ ಕಟ್ಟುವ ಕೆಲಸ ಅದು. ಮೇಲುನೋಟಕ್ಕೆ ಇದು ಗುಮಾಸ್ತೆಯ ಕೆಲಸದಂತೆ ಕಂಡರೂ ಇದರೊಳಗೆ ಧರ್ಮಸೂಕ್ಷ್ಮಗಳಿವೆ. ಇರುವ ಸತ್ಯಕ್ಕೆ ಸಾಕ್ಷಿ ಕೂಡಿಸುವುದು ಎಲ್ಲಿ ಮುಗಿಯುತ್ತದೆ, ಸಾಕ್ಷಿಯನ್ನೇ ತಯಾರಿಸುವುದು ಎಲ್ಲಿ ಮೊದಲಾಗುತ್ತದೆ? ಸಂಬಂಧ ನಿಜವಾಗಿರುವಾಗ ಕಾಗದದಲ್ಲಿ ಅಲ್ಪಸ್ವಲ್ಪ ಹೆಚ್ಚುಕಡಿಮೆ ಬರೆದರೆ ದೋಷವೇ? ಗಂಡಹೆಂಡಿರ ಏಕಾಂತದ ಮಾತುಗಳನ್ನು ಪರರ ಮುಂದಿಡಬಹುದೇ? ಈ ಪ್ರಶ್ನೆಗಳನ್ನು ನಮ್ಮ ಕುಟುಂಬಗಳೂ ಬಸದಿಗಳ ಆಡಳಿತ ಮಂಡಳಿಗಳೂ ಕೂಡಿ ವಿಚಾರಿಸಬೇಕಾದ ಕಾಲ ಬಂದಿದೆ.

ಮೊದಲು ಆ ದೇಶಗಳು ಕೇಳುವುದೇನೆಂಬುದನ್ನು ತಿಳಿಯೋಣ. ಆಸ್ಟ್ರೇಲಿಯದ 1958ರ ವಲಸೆ ಕಾನೂನು ಪತಿಪತ್ನಿಯರೆಂದರೆ ಯಾರೆಂಬುದಕ್ಕೆ ಲಕ್ಷಣ ಹೇಳುತ್ತದೆ. ಅವರ ವಿವಾಹ ಕಾನೂನಿಗೆ ಒಪ್ಪುವಂತಿರಬೇಕು. ಇತರ ಎಲ್ಲರನ್ನೂ ಹೊರತುಪಡಿಸಿ ಒಬ್ಬರೊಡನೊಬ್ಬರು ಬಾಳುವ ಪರಸ್ಪರ ಸಂಕಲ್ಪವಿರಬೇಕು. ಸಂಬಂಧ ನೈಜವೂ ಮುಂದುವರಿಯುತ್ತಿರುವಂಥದೂ ಆಗಿರಬೇಕು. ಅವರು ಒಟ್ಟಿಗೆ ವಾಸಿಸುತ್ತಿರಬೇಕು, ಇಲ್ಲವೆ ಅವರ ಅಗಲಿಕೆ ಶಾಶ್ವತವಾದುದಾಗಿರಬಾರದು. ಸ್ವದಾರಸಂತೋಷವೆಂಬ ನಮ್ಮ ಅಣುವ್ರತವನ್ನು ಬಲ್ಲವರಿಗೆ ಈ ಲಕ್ಷಣ ಅಪರಿಚಿತವೆನಿಸದು. ಇದನ್ನು ನಿರ್ಧರಿಸಲು 1994ರ ವಲಸೆ ನಿಯಮಗಳು ನಾಲ್ಕು ಮುಖಗಳನ್ನು ಹೇಳುತ್ತವೆ: ಹಣಕಾಸಿನ ವ್ಯವಹಾರ, ಮನೆವಾರ್ತೆಯ ಸ್ವರೂಪ, ಸಮಾಜದಲ್ಲಿ ಅವರು ದಂಪತಿಗಳೆಂದು ಕಾಣಿಸಿಕೊಳ್ಳುವ ಬಗೆ, ಪರಸ್ಪರ ನಿಷ್ಠೆ. ಯಾವುದೋ ಒಂದು ಮುಖವನ್ನು ಮಾತ್ರ ನೋಡಿ ತೀರ್ಮಾನಿಸದೆ ಎಲ್ಲ ಸಂದರ್ಭಗಳನ್ನೂ ಅಧಿಕಾರಿ ಪರಿಗಣಿಸಬೇಕೆಂಬುದು ನಿಯಮ. ದಂಪತಿಗಳನ್ನು ಬಲ್ಲ, ಆ ದೇಶದ ಪೌರರೋ ಕಾಯಂ ನಿವಾಸಿಗಳೋ ಆದ ವಯಸ್ಕರು ಫಾರಂ 888 ಎಂಬ ನಮೂನೆಯಲ್ಲಿ ಹೇಳಿಕೆ ಕೊಡುವ ಪದ್ಧತಿಯೂ ಇದೆ. ಸಾಮಾನ್ಯವಾಗಿ ಮೊದಲು ತಾತ್ಕಾಲಿಕ ಅನುಮತಿ ದೊರೆತು, ಅರ್ಜಿ ಹಾಕಿದ ಎರಡು ವರ್ಷಗಳ ತರುವಾಯ ಸಂಬಂಧ ಮುಂದುವರಿದಿದೆಯೇ ಎಂದು ಮತ್ತೊಮ್ಮೆ ನೋಡಿ ಕಾಯಂ ಅನುಮತಿ ಕೊಡುತ್ತಾರೆ.

ಅಮೆರಿಕದಲ್ಲಿ 1986ರಲ್ಲಿ ವಿವಾಹ ವಂಚನೆಯನ್ನು ತಡೆಯಲೆಂದೇ ಒಂದು ತಿದ್ದುಪಡಿ ಕಾನೂನು ಬಂತು. ಮದುವೆಯಾಗಿ ಎರಡು ವರ್ಷ ತುಂಬದೆ ವಾಸದ ಹಕ್ಕು ಪಡೆದವರಿಗೆ ಅದು ಎರಡು ವರ್ಷಗಳ ಷರತ್ತಿನ ಹಕ್ಕಾಗಿರುತ್ತದೆ. ಅವಧಿ ಮುಗಿಯುವ ಮುನ್ನ ದಂಪತಿಗಳು ಕೂಡಿಯೇ ಅರ್ಜಿ ಹಾಕಿ ಷರತ್ತನ್ನು ತೆಗೆಸಿಕೊಳ್ಳಬೇಕು. ಸಂದೇಹ ಬಂದಲ್ಲಿ ಗಂಡಹೆಂಡಿರನ್ನು ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ತಾಳೆ ನೋಡುವುದೂ ಉಂಟು.

ಇಂಗ್ಲೆಂಡಿನ ಚರಿತ್ರೆ ನಮಗೆ ಇನ್ನೂ ಹತ್ತಿರದ್ದು, ನೋವಿನದ್ದು. 1979ರ ಜನವರಿಯಲ್ಲಿ ಹೀತ್ರೂ ವಿಮಾನ ನಿಲ್ದಾಣದಲ್ಲಿ, ಅಲ್ಲಿ ನೆಲೆಸಿದ್ದ ವರನನ್ನು ಮದುವೆಯಾಗಲು ಬಂದಿಳಿದ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬಳ ಮಾತನ್ನು ಅಧಿಕಾರಿಗಳು ನಂಬಲಿಲ್ಲ. ಆಕೆ ನಿಜವಾಗಿ ಅವಿವಾಹಿತೆಯೇ ಎಂದು ಅರಿಯಲು ವೈದ್ಯರಿಂದ ಆಕೆಯ ದೇಹವನ್ನು ಪರೀಕ್ಷೆ ಮಾಡಿಸಿದರು. ಸುದ್ದಿ ಬಯಲಾದಾಗ ಭಾರತ ಸರ್ಕಾರ ಪ್ರತಿಭಟಿಸಿತು. ಆ ಪದ್ಧತಿ ನಿಂತಿತು. ಹೀಗೆ ಪರೀಕ್ಷೆಗೊಳಗಾದವಳು ಆಕೆಯೊಬ್ಬಳೇ ಅಲ್ಲವೆಂಬುದು ಮುಂದೆ ದಾಖಲೆಗಳಿಂದ ಹೊರಬಂತು. 1980ರಿಂದ 1997ರ ಜೂನ್‌ವರೆಗೆ ಆ ದೇಶದಲ್ಲಿ 'ಮೂಲ ಉದ್ದೇಶ'ದ ನಿಯಮವೆಂಬುದೊಂದಿತ್ತು. ಮೊದಲು ಗಂಡಂದಿರಿಗೆ, 1985ರ ತರುವಾಯ ಹೆಂಡಂದಿರಿಗೂ ಅದು ಅನ್ವಯಿಸಿತು. ಮದುವೆಯ ಮುಖ್ಯ ಉದ್ದೇಶ ಇಂಗ್ಲೆಂಡಿಗೆ ಬರುವುದಲ್ಲವೆಂದು ಅರ್ಜಿದಾರನೇ ಸಿದ್ಧಪಡಿಸಬೇಕಿತ್ತು. ಹಿರಿಯರು ನೋಡಿ ನಿಶ್ಚಯಿಸಿದ ಮದುವೆಗಳಿಗೆ ಇದರಿಂದ ಬಹಳ ಪೆಟ್ಟು ಬಿತ್ತು. ಹೆಣ್ಣು ಗಂಡನ ಮನೆಗೆ ಹೋಗುವುದು ನಿಮ್ಮ ಪದ್ಧತಿಯಾಗಿರುವಾಗ ಗಂಡು ಹೆಂಡತಿಯಿರುವ ದೇಶಕ್ಕೆ ಏಕೆ ಬರುತ್ತಾನೆಂಬ ಪ್ರಶ್ನೆಗೆ, ಸತ್ಯವಂತನಾದ ಸಾಧಾರಣ ಮನುಷ್ಯ ಏನು ಉತ್ತರ ಹೇಳಿಯಾನು? 2012ರಿಂದ ಅಲ್ಲಿನ ನಿಯಮ ಸಂಬಂಧವು ನೈಜವೂ ಜೀವಂತವೂ ಆಗಿರಬೇಕೆನ್ನುತ್ತದೆ. ಜೊತೆಗೆ ಆದಾಯದ ಮಿತಿಯನ್ನೂ ಇಟ್ಟಿತು. ಅಂದು 18,600 ಪೌಂಡ್ ಇದ್ದ ಆ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 29,000 ಪೌಂಡಿಗೆ ಏರಿಸಿದರು.

ಈ ಚರಿತ್ರೆಯನ್ನು ಓದಿದವರಿಗೆ ಸಿಟ್ಟು ಬರುವುದು ಸಹಜ. ಮದುವೆಯನ್ನು ಪರೀಕ್ಷಿಸಲು ಇವರು ಯಾರು ಎಂದು ಕೇಳುವ ಹಿರಿಯರೂ ನಮ್ಮಲ್ಲಿದ್ದಾರೆ. ಆದರೆ ಸಿಟ್ಟನ್ನು ಬದಿಗಿಟ್ಟು ನೋಡಿದರೆ, ಪ್ರಶ್ನೆ ಕೇಳುವುದೂ ಪ್ರಶ್ನೆ ಕೇಳುವ ರೀತಿಯೂ ಎರಡು ಬೇರೆ ವಿಷಯಗಳು. ಹೆಣ್ಣಿನ ದೇಹವನ್ನು ಕಾಗದದಂತೆ ತಿರುವಿ ನೋಡುವುದು ಹಿಂಸೆ. ಅದಕ್ಕೆ ಯಾವ ನಿಯಮವೂ ಸಮರ್ಥನೆಯಾಗಲಾರದು. ಆದರೆ ಹಣ ಕೊಟ್ಟುಕೊಂಡು ಮದುವೆಯ ಹೆಸರಿನಲ್ಲಿ ವಾಸದ ಹಕ್ಕು ಪಡೆಯುವವರು ಇರುವುದೂ ಸುಳ್ಳಲ್ಲ. ಅಂಥ ವ್ಯವಹಾರ ಇರುವತನಕ ಪರೀಕ್ಷೆಯೂ ಇರುತ್ತದೆ.

ಅಧಿಕಾರಿಯ ಕಷ್ಟವನ್ನೂ ಅರಿಯಬೇಕು. ನಮ್ಮ ಆಚಾರ್ಯರು ಜ್ಞಾನವನ್ನು ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ ಎಂದು ಐದು ಬಗೆಯಾಗಿ ಹೇಳಿದ್ದಾರೆ. ಪರರ ಮನಸ್ಸಿನಲ್ಲಿರುವುದನ್ನು ನೇರವಾಗಿ ಅರಿಯುವ ಮನಃಪರ್ಯಯವು ಸಂಯಮಿಗಳಾದ ಮುನಿಗಳಲ್ಲಿಯೂ ವಿರಳರಿಗೆ ಮಾತ್ರ ದೊರೆಯುವಂಥದು. ಮೇಜಿನ ಹಿಂದೆ ಕುಳಿತ ಅಧಿಕಾರಿಗೆ ಅದಿಲ್ಲ. ಇಬ್ಬರ ನಡುವಿನ ಪ್ರೀತಿ ನಿಷ್ಠೆಗಳು ಅವನಿಗೆ ಪರೋಕ್ಷ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಅವನು ಕಾಗದದಿಂದ ಸಂಬಂಧವನ್ನು ಊಹಿಸಬೇಕು. ಆದ್ದರಿಂದ ಪ್ರಶ್ನೆ ನಿಲ್ಲುವುದು ಇಲ್ಲಿ: ಯಾವ ಕಾಗದ ಒಳ್ಳೆಯ ಹೇತುವಾಗಬಲ್ಲದು?

ಬೌದ್ಧ ತಾರ್ಕಿಕರು ಹೇತುವಿಗೆ ಮೂರು ಲಕ್ಷಣಗಳನ್ನು ಹೇಳಿದಾಗ ಪಾತ್ರಕೇಸರಿ ಸ್ವಾಮಿಗಳು ಅವನ್ನು ಖಂಡಿಸಿ, ಒಂದೇ ಲಕ್ಷಣ ಸಾಕೆಂದರು. ಅದು ಅನ್ಯಥಾನುಪಪತ್ತಿ. ಸಾಧ್ಯವಿಲ್ಲದೆ ಹೋದರೆ ಯಾವುದು ಇರಲಾರದೋ ಅದೇ ಹೇತು. ಅಕಲಂಕದೇವರೂ ಅದನ್ನೇ ಎತ್ತಿಹಿಡಿದರು. ಈ ಒರೆಗಲ್ಲಿಗೆ ನಮ್ಮ ಕಡತದ ಕಾಗದಗಳನ್ನು ಹಚ್ಚಿ ನೋಡಬಹುದು. ಅರ್ಜಿ ಹಾಕುವ ಹಿಂದಿನ ವಾರ ತೆರೆದು, ಒಮ್ಮೆ ಹಣ ಕಟ್ಟಿ ಬಿಟ್ಟ ಜಂಟಿ ಖಾತೆಯು ದಾಂಪತ್ಯವಿಲ್ಲದೆಯೂ ಇರಬಲ್ಲದು. ಆದ್ದರಿಂದ ಅದು ದುರ್ಬಲ ಹೇತು. ಒಂದೇ ದಿನ ನಾಲ್ಕು ಬಟ್ಟೆ ಬದಲಿಸಿ ತೆಗೆಸಿದ ಛಾಯಾಚಿತ್ರಗಳೂ ಹಾಗೆಯೇ. ಆದರೆ ಎರಡು ವರ್ಷ ಪ್ರತಿ ತಿಂಗಳೂ ಗಂಡನ ಖಾತೆಯಿಂದ ಹೆಂಡತಿಗೆ ಹೋದ ಹಣ, ಅದರಲ್ಲಿ ಅತ್ತೆಯ ಕಣ್ಣಿನ ಶಸ್ತ್ರಚಿಕಿತ್ಸೆಯ ತಿಂಗಳಲ್ಲಿ ಹೆಚ್ಚಾದ ಮೊತ್ತ, ಅದೇ ತಿಂಗಳ ಆಸ್ಪತ್ರೆಯ ರಸೀತಿ, ಆಗ ಆತ ಊರಿಗೆ ಬಂದುಹೋದ ವಿಮಾನದ ಟಿಕೆಟ್ಟು, ಇವೆಲ್ಲ ಒಂದಕ್ಕೊಂದು ಹೊಂದಿಕೊಂಡಾಗ ದಾಂಪತ್ಯವಿಲ್ಲದೆ ಇವು ಹೀಗಿರಲಾರವು ಎಂಬ ನಿಶ್ಚಯ ಹುಟ್ಟುತ್ತದೆ. ಒಂದೊಂದು ಕಾಗದವೂ ಸಣ್ಣದೇ. ಅವುಗಳ ಹೊಂದಾಣಿಕೆಯಲ್ಲಿ ಬಲವಿದೆ.

ಲೆಕ್ಕಪತ್ರ ಬಲ್ಲ ವ್ಯಾಪಾರಸ್ಥರಿಗೆ ಇದು ಹೊಸ ಮಾತಲ್ಲ. ಅಂದಂದಿನ ವಹಿವಾಟನ್ನು ಅಂದಂದೇ ಬರೆದ ರೋಜುಪುಸ್ತಕಕ್ಕೂ, ತೆರಿಗೆ ಅಧಿಕಾರಿಗೆ ತೋರಿಸಲೆಂದು ವರ್ಷದ ಕೊನೆಗೆ ಕುಳಿತು ಬರೆದ ಪುಸ್ತಕಕ್ಕೂ ಇರುವ ವ್ಯತ್ಯಾಸವನ್ನು ಅನುಭವವುಳ್ಳ ಕಣ್ಣು ಒಂದೇ ನೋಟದಲ್ಲಿ ಕಂಡುಹಿಡಿಯುತ್ತದೆ. 1872ರ ಭಾರತೀಯ ಸಾಕ್ಷ್ಯ ಕಾನೂನಿನ 34ನೆಯ ಕಲಮು, ಕ್ರಮವಾಗಿ ಇಟ್ಟುಕೊಂಡು ಬಂದ ಲೆಕ್ಕದ ಪುಸ್ತಕದ ನಮೂದುಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಿತು. ಆದರೆ ಅವುಗಳಷ್ಟರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದೆಂದೂ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದ 28ನೆಯ ಕಲಮಿನಲ್ಲಿಯೂ ಅದೇ ತತ್ತ್ವವಿದೆ. ಇದರ ಅರ್ಥ ಸ್ಪಷ್ಟ. ಸಾಕ್ಷಿಗೆಂದು ಬರೆಯದೆ ಬೇರೆ ಕೆಲಸಕ್ಕೆಂದು ಬರೆದಿಟ್ಟದ್ದೇ ಉತ್ತಮ ಸಾಕ್ಷಿ. ಅದಕ್ಕೂ ಇನ್ನೊಂದರ ಆಸರೆ ಬೇಕು.

ನಮ್ಮ ಮನೆಗಳಲ್ಲಿ ಇಂಥ ಸಾಕ್ಷಿಗಳು ಬೇಕಾದಷ್ಟಿವೆ. ಅವುಗಳ ಬೆಲೆ ನಮಗೆ ತಿಳಿದಿಲ್ಲ. ಮದುವೆಯ ದಿನ ಬಾಗಿಲಲ್ಲಿ ಕುಳಿತು ಯಾರು ಎಷ್ಟು ಕೊಟ್ಟರೆಂದು ಬರೆದುಕೊಂಡ ಮುಯ್ಯಿ ಪುಸ್ತಕವನ್ನು ನೆನೆಯಿರಿ. ಅದನ್ನು ಬರೆದವನ ಮನಸ್ಸಿನಲ್ಲಿದ್ದುದು ಮುಂದೆ ಮುಯ್ಯಿ ತೀರಿಸಬೇಕೆಂಬ ಲೆಕ್ಕ ಮಾತ್ರ. ಆದರೆ ಆ ದಿನ, ಆ ಊರಲ್ಲಿ, ಆ ಮದುವೆ ನಡೆಯಿತೆಂಬುದಕ್ಕೆ ಅದಕ್ಕಿಂತ ಸಹಜವಾದ ದಾಖಲೆ ಇನ್ನೊಂದಿಲ್ಲ. ಕಲ್ಯಾಣ ಮಂಟಪದ ಬಾಡಿಗೆ ರಸೀತಿ, ಅಡಿಗೆಯವರ ಚೀಟಿ, ಬಸದಿಯಲ್ಲಿ ನವದಂಪತಿಗಳ ಹೆಸರಿನಲ್ಲಿ ಮಾಡಿಸಿದ ಅಭಿಷೇಕದ ರಸೀತಿ, ಹೊಸ ಸೊಸೆಯ ಹೆಸರು ಸೇರಿಸಿದ ರೇಷನ್ ಕಾರ್ಡು ಇವನ್ನು ಎಸೆಯದೆ ಇಟ್ಟುಕೊಂಡರೆ ಸಾಕು. ಸುಳ್ಳು ಹೇಳುವ ಅಗತ್ಯ ಬಹುತೇಕ ಬೀಳುವುದು ನಿಜವನ್ನು ಕಾಪಾಡಿ ಇಡದ ಮನೆಗಳಲ್ಲಿ.

ಇನ್ನು ಧರ್ಮದ ಕಡೆಗೆ ಬರೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಪೂಜ್ಯಪಾದರ ವಿವರಣೆಯೊಡನೆ ಇವನ್ನು ಓದಿದರೆ, ಈ ವೀಸಾ ಕಡತದಲ್ಲಿ ಐದಕ್ಕೂ ಎಡೆಯಿರುವುದು ಕಾಣುತ್ತದೆ.

ಕೂಟಲೇಖಕ್ರಿಯೆಯನ್ನು ಮೊದಲು ತೆಗೆದುಕೊಳ್ಳೋಣ. ಒಬ್ಬನು ಆಡದುದನ್ನು ಅಥವಾ ಮಾಡದುದನ್ನು ಆಡಿದನೆಂದು, ಮಾಡಿದನೆಂದು ವಂಚನೆಗಾಗಿ ಬರೆಯುವುದೇ ಇದು. ವಾಸಿಸದ ಮನೆಯ ಬಾಡಿಗೆ ಕರಾರು, ಹಿಂದಿನ ದಿನಾಂಕ ಹಾಕಿದ ಪತ್ರ, ಕಳುಹಿಸದ ಉಡುಗೊರೆಯ ರಸೀತಿ ಇವೆಲ್ಲ ಇದರಡಿ ಬರುತ್ತವೆ. ಇಲ್ಲಿ ಒಂದು ವಾದವನ್ನು ಅನೇಕ ಸಜ್ಜನರೂ ಮುಂದಿಡುತ್ತಾರೆ. ಮದುವೆ ನಿಜ, ಪ್ರೀತಿ ನಿಜ, ಕಾಗದ ಮಾತ್ರ ಸ್ವಲ್ಪ ಸುಳ್ಳು; ನಮ್ಮ ಅವಿಭಕ್ತ ಕುಟುಂಬದ ಪದ್ಧತಿಯನ್ನು ಅರಿಯದ ಅಧಿಕಾರಿಗೆ ಅವನ ಭಾಷೆಯಲ್ಲೇ ಹೇಳಿದರೆ ದೋಷವೇನು, ಇದರಿಂದ ಯಾರಿಗೂ ಹಾನಿಯಿಲ್ಲವಲ್ಲ, ಎಂಬುದೇ ಆ ವಾದ.

ಈ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಮನೆಯ ವಿದ್ಯುತ್ ಬಿಲ್ಲು, ನೀರಿನ ಬಿಲ್ಲು ಎಲ್ಲವೂ ಮಾವನ ಹೆಸರಿನಲ್ಲಿರುವ ಮನೆಯಲ್ಲಿ ಮಗ ಸೊಸೆಯರ ಹೆಸರಿನ ಕಾಗದ ಎಲ್ಲಿಂದ ಬರಬೇಕು? ಅವರ ಸಂಕಟ ನಿಜವಾದದ್ದು. ಆದರೂ ಹಾನಿಯಿಲ್ಲವೆಂಬ ಮಾತು ನಿಲ್ಲುವುದಿಲ್ಲ. ಮೊದಲನೆಯದಾಗಿ, ಒಂದು ಸುಳ್ಳು ಕಾಗದ ಸಿಕ್ಕಿಬಿದ್ದರೆ ಕಡತದಲ್ಲಿರುವ ನಿಜವಾದ ಕಾಗದಗಳೂ ತಮ್ಮ ಬಲವನ್ನು ಕಳೆದುಕೊಳ್ಳುತ್ತವೆ. ಯಾವ ನಿಜವನ್ನು ಉಳಿಸಲು ಸುಳ್ಳು ಹೇಳಿದರೋ ಆ ನಿಜವೇ ಮುಳುಗುತ್ತದೆ. ಆಸ್ಟ್ರೇಲಿಯದಲ್ಲಿ ನಕಲಿ ದಾಖಲೆ ಅಥವಾ ತಪ್ಪು ಮಾಹಿತಿಗಾಗಿ ಅರ್ಜಿ ತಿರಸ್ಕೃತವಾದರೆ ಮೂರು ವರ್ಷ, ಗುರುತಿನ ವಿಷಯದಲ್ಲಿಯೇ ಮೋಸವಾಗಿದ್ದರೆ ಹತ್ತು ವರ್ಷ ಬಾಗಿಲು ಮುಚ್ಚಬಹುದು. ಎರಡನೆಯದಾಗಿ, ನಮ್ಮ ಊರಿನಿಂದ ಹೋದ ಒಂದು ನಕಲಿ ಕಾಗದವು ಅದೇ ಊರಿನಿಂದ ಮುಂದೆ ಹೋಗುವ ಹತ್ತು ನಿಜವಾದ ಅರ್ಜಿಗಳ ಮೇಲೆ ಸಂದೇಹದ ನೆರಳು ಬೀರುತ್ತದೆ. ಆ ಹಾನಿಯನ್ನು ಅನುಭವಿಸುವವರು ನಮಗೆ ಗುರುತಿಲ್ಲದವರಾದುದರಿಂದ ಅದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ. ಮೂರನೆಯದು ಎಲ್ಲಕ್ಕಿಂತ ಒಳಗಿನದು. ಬಾಳಿನ ಆರಂಭದಲ್ಲಿಯೇ ಗಂಡಹೆಂಡಿರು ಕೂಡಿ ಒಂದು ಸುಳ್ಳನ್ನು ಕಟ್ಟಿದರೆ, ಪ್ರಶ್ನೆ ಬಂದಾಗಲೆಲ್ಲ ಅದನ್ನು ಕೂಡಿಯೇ ಕಾಯಬೇಕಾಗುತ್ತದೆ. ಮುಂದೊಂದು ದಿನ ಮನಸ್ತಾಪ ಬಂದರೆ ಅದೇ ಕಾಗದ ಒಬ್ಬರ ಕೈಯಲ್ಲಿ ಇನ್ನೊಬ್ಬರ ವಿರುದ್ಧ ಆಯುಧವಾಗುತ್ತದೆ.

ಹಾಗಾದರೆ ಕಾಗದವಿಲ್ಲದವರು ಏನು ಮಾಡಬೇಕು? ಇಲ್ಲವೆಂಬುದನ್ನೇ ಬರೆಯಬೇಕು. ನಾವು ತಂದೆಯವರ ಮನೆಯಲ್ಲಿ ಒಟ್ಟಾಗಿ ಇದ್ದೇವೆ, ಬಿಲ್ಲುಗಳೆಲ್ಲ ಅವರ ಹೆಸರಿನಲ್ಲಿವೆ, ನಮ್ಮ ಪಾಲಿನ ಖರ್ಚನ್ನು ಅವರ ಕೈಗೆ ಕೊಡುತ್ತೇವೆ, ಮದುವೆಗೆ ಮುನ್ನ ಎರಡು ಬಾರಿ ಮಾತ್ರ ಭೇಟಿಯಾಗಿದ್ದೆವು, ಎಂದು ಸರಳವಾಗಿ ಬರೆದ ಹೇಳಿಕೆಗೆ ಬೆಲೆಯುಂಟು. ಮಾವನೂ ತನ್ನ ಕೈಯಿಂದ ಅದನ್ನೇ ಬರೆದುಕೊಡಬಹುದು. ನಿಯಮ ಎಲ್ಲ ಮುಖಗಳನ್ನೂ ನೋಡೆನ್ನುವಾಗ, ಒಂದು ಮುಖದ ಕೊರತೆಯನ್ನು ಕಾರಣಸಹಿತ ಒಪ್ಪಿಕೊಂಡು ಉಳಿದ ಮೂರನ್ನು ತುಂಬಿಕೊಡುವುದು ನ್ಯಾಯವೂ ಹೌದು, ಜಾಣತನವೂ ಹೌದು.

ಇದಕ್ಕೆ ಸೇರಿದ ಇನ್ನೊಂದು ರೂಢಿ ನಮ್ಮಲ್ಲಿ ಹಬ್ಬಿದೆ. ನಿಶ್ಚಿತಾರ್ಥವಾದೊಡನೆ, ಲಗ್ನಕ್ಕೆ ಇನ್ನೂ ಆರು ತಿಂಗಳಿರುವಾಗಲೇ, ವೀಸಾಕ್ಕೆ ತಡವಾಗದಿರಲೆಂದು ಮದುವೆಯಾಗಿದೆಯೆಂದು ಬರೆಸಿ ನೋಂದಾಯಿಸುವ ರೂಢಿ ಅದು. 1955ರ ಹಿಂದೂ ವಿವಾಹ ಕಾನೂನು ಜೈನರಿಗೂ ಅನ್ವಯಿಸುತ್ತದೆಂಬುದು ತಿಳಿದದ್ದೇ. ಅದರ 7ನೆಯ ಕಲಮಿನಂತೆ ವಧೂವರರಲ್ಲಿ ಒಬ್ಬರ ಸಂಪ್ರದಾಯದ ವಿಧಿ ನಡೆದಾಗ ಮದುವೆಯಾಗುತ್ತದೆ. 8ನೆಯ ಕಲಮು ಆದ ಮದುವೆಯನ್ನು ನೋಂದಾಯಿಸಲು ಇರುವುದು. 2024ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಕರ್ನಾಟಕದವರಾದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠ ಇಂಥದೇ ಪ್ರಕರಣವನ್ನು ತೀರ್ಮಾನಿಸಿತು. ವಿಧಿಯೇ ನಡೆಯದೆ ಸಂಸ್ಥೆಯೊಂದರಿಂದ ಪ್ರಮಾಣಪತ್ರ ಪಡೆದು ನೋಂದಾಯಿಸಿದ ಮದುವೆ ಮದುವೆಯೇ ಅಲ್ಲವೆಂದಿತು. ವಿದೇಶದ ವೀಸಾಕ್ಕಾಗಿ ಸಮಯ ಉಳಿಸಲೆಂದು ತಾಯ್ತಂದೆಗಳು ಹೀಗೆ ಮುಂಚಿತವಾಗಿ ನೋಂದಾಯಿಸಲು ಒಪ್ಪುವ ರೂಢಿಯನ್ನು ಹೆಸರಿಸಿಯೇ ಖಂಡಿಸಿತು. ಸಂಬಂಧ ಅಲ್ಲಿಗೇ ಮುರಿದುಬಿದ್ದರೆ ಆ ಹುಡುಗಿ ವಿವಾಹಿತೆಯೋ ಅಲ್ಲವೋ? ಉತ್ತರಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ.

ಸುಳ್ಳಿನ ಈ ದಾರಿ ಬೇಕಾಗಿಯೂ ಇಲ್ಲ. ಇನ್ನೂ ಮದುವೆಯಾಗದವರಿಗೆಂದೇ ಆಸ್ಟ್ರೇಲಿಯದಲ್ಲಿ ಉಪವರ್ಗ 300, ಅಮೆರಿಕದಲ್ಲಿ ಕೆ-1, ಇಂಗ್ಲೆಂಡಿನಲ್ಲಿ ವಾಗ್ದತ್ತರ ವೀಸಾ ಎಂದು ಬೇರೆ ಬಾಗಿಲುಗಳಿವೆ. ವಾಗ್ದತ್ತರು ವಾಗ್ದತ್ತರೆಂದೇ ಹೇಳಿಕೊಂಡು ಹೋಗಬಹುದು. ಬೇಗ ನೋಂದಣಿ ಬೇಕೆನ್ನುವವರು, ಆಡಂಬರದ ಆರತಕ್ಷತೆಯನ್ನು ಮುಂದಕ್ಕಿಟ್ಟು, ಹತ್ತು ಜನರ ಸಮಕ್ಷಮ ವಿಧಿಪೂರ್ವಕವಾಗಿ ಲಗ್ನವನ್ನೇ ಮೊದಲು ಮಾಡಿ ನೋಂದಾಯಿಸಿಕೊಳ್ಳಲಿ. ಆಗ ಕಾಗದವೂ ನಿಜ, ಮದುವೆಯೂ ನಿಜ.

ಎರಡನೆಯದು ಮಿಥ್ಯೋಪದೇಶ. ಹೀಗೆ ಹೇಳಿ, ಹಾಗೆ ಬರೆಯಿರಿ, ಪ್ರೇಮವಿವಾಹವೆಂದು ಹೇಳಿದರೆ ಬೇಗ ಆಗುತ್ತದೆ ಎಂದು ಕಲಿಸುವ ಮಧ್ಯವರ್ತಿಗಳಿದ್ದಾರೆ. ಅನುಭವದ ಹೆಸರಿನಲ್ಲಿ ಅದನ್ನೇ ಹೇಳಿಕೊಡುವ ನೆಂಟರೂ ಇದ್ದಾರೆ. ಐವರು ಸಾಕ್ಷಿಗಳ ಹೇಳಿಕೆ ಒಂದೇ ಮಾತಿನಲ್ಲಿದ್ದರೆ ಬರೆದವನು ಒಬ್ಬನೇ ಎಂದು ಅಧಿಕಾರಿಗೆ ತಿಳಿಯದೆ? ಸಾಕ್ಷಿ ಹೇಳುವವನು ತಾನು ಕಂಡದ್ದನ್ನು ತನ್ನ ಮಾತಿನಲ್ಲಿಯೇ ಬರೆಯಬೇಕು. ದಂಪತಿಗಳನ್ನು ಒಂದೇ ಸಲ ಕಂಡಿದ್ದರೆ ಒಂದೇ ಸಲವೆಂದು ಬರೆಯಲಿ. ವಿದೇಶದಲ್ಲಿ ನೆಲೆಸಿರುವ ನಮ್ಮ ಸಮಾಜದ ಹಿರಿಯರು, ನಮ್ಮವರೆಂಬ ಅಭಿಮಾನ ಮಾತ್ರದಿಂದ ಪರಿಚಯವಿಲ್ಲದ ದಂಪತಿಗಳ ಹೇಳಿಕೆಗೆ ಸಹಿ ಹಾಕಬಾರದು. ಸಾಧರ್ಮಿಕ ವಾತ್ಸಲ್ಯ ದೊಡ್ಡ ಗುಣವೇ; ಸುಳ್ಳು ಸಾಕ್ಷಿ ಅದರ ರೂಪವಾಗಲಾರದು.

ಮೂರನೆಯದು ರಹೋಭ್ಯಾಖ್ಯಾನ. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದ್ದನ್ನು ಬಹಿರಂಗಪಡಿಸುವುದೇ ಇದೆಂದು ಪೂಜ್ಯಪಾದರು ಹೇಳುತ್ತಾರೆ. ಸಾವಿರ ವರ್ಷಗಳಿಗೂ ಹಿಂದಿನ ಆ ವಿವರಣೆ ಇಂದಿನ ಕಡತಕ್ಕೆಂದೇ ಬರೆದಂತಿದೆ. ಗಂಡಹೆಂಡಿರ ನಡುವಿನ ಸಂದೇಶಗಳನ್ನು ನೂರಾರು ಪುಟ ಮುದ್ರಿಸಿ ಲಗತ್ತಿಸುವವರಿದ್ದಾರೆ. ಅವನ್ನು ಆರಿಸುವ ಕೆಲಸದಲ್ಲಿ ಅಣ್ಣತಮ್ಮಂದಿರು, ಮಧ್ಯವರ್ತಿಗಳು ಎಲ್ಲರೂ ಕೈಹಾಕುತ್ತಾರೆ. ಇದು ಬೇಕಾಗಿಲ್ಲ. ಕರೆಗಳು ನಿಯಮಿತವಾಗಿ ನಡೆದವೆಂದು ತೋರಿಸಲು ದಿನಾಂಕಗಳ ಪಟ್ಟಿಯಿದೆ; ಅಮ್ಮನ ಔಷಧ, ಮನೆಯ ಬಾಡಿಗೆ, ಬರುವ ದಿನದ ವಿಚಾರ ಇಂಥ ದಿನನಿತ್ಯದ ಮಾತುಗಳೇ ದಾಂಪತ್ಯವನ್ನು ಚೆನ್ನಾಗಿ ತೋರಿಸುತ್ತವೆ. ಏನನ್ನು ಕೊಡಬೇಕೆಂಬುದನ್ನು ಇಬ್ಬರೂ ಕುಳಿತು ಆರಿಸಲಿ. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಒಂದು ಸಾಲನ್ನೂ ಕೊಡದಿರಲಿ.

ನಾಲ್ಕನೆಯದು ನ್ಯಾಸಾಪಹಾರ, ನಂಬಿ ಇಟ್ಟದ್ದನ್ನು ದಕ್ಕಿಸಿಕೊಳ್ಳುವುದು. ಹೊಸ ದೇಶಕ್ಕೆ ಬಂದ ಸೊಸೆಯ ಪಾಸ್‌ಪೋರ್ಟು, ವಿವಾಹದ ಪ್ರಮಾಣಪತ್ರ, ಒಡವೆಗಳನ್ನು ಜೋಪಾನಕ್ಕೆಂದು ತೆಗೆದುಕೊಂಡು, ಮುಂದೆ ಅವುಗಳಿಂದಲೇ ಆಕೆಯನ್ನು ಹಿಡಿತದಲ್ಲಿಟ್ಟುಕೊಳ್ಳುವ ಮನೆಗಳಿವೆ. ನಾನು ಸಹಿ ಹಾಕದಿದ್ದರೆ ನೀನು ಇಲ್ಲಿರುವಂತಿಲ್ಲ ಎಂಬ ಒಂದು ಮಾತಿನಲ್ಲಿ ಎಷ್ಟು ಹಿಂಸೆಯಿದೆ! ಷರತ್ತಿನ ಎರಡು ವರ್ಷಗಳು ಹೆಣ್ಣಿಗೆ ಹೀಗೆ ಸೆರೆಯಾಗಬಾರದೆಂದೇ ಆಸ್ಟ್ರೇಲಿಯ ಮತ್ತು ಅಮೆರಿಕದ ನಿಯಮಗಳು, ಕೌಟುಂಬಿಕ ಹಿಂಸೆಯಿಂದ ಸಂಬಂಧ ಮುರಿದಾಗ ಗಂಡನ ನೆರವಿಲ್ಲದೆಯೂ ಆಕೆ ತನ್ನ ಹಕ್ಕನ್ನು ಕೇಳಲು ಅವಕಾಶವಿಟ್ಟಿವೆ. ಹೆಣ್ಣುಮಕ್ಕಳ ತಾಯ್ತಂದೆಗಳು ಇದನ್ನು ತಿಳಿದಿರಬೇಕು. ಕಡತದ ಪೂರ್ಣ ಪ್ರತಿಯೊಂದು ಮಗಳ ಕೈಯಲ್ಲಿಯೂ ಇನ್ನೊಂದು ತವರಿನಲ್ಲಿಯೂ ಇರಬೇಕು. ಇದರಲ್ಲಿ ಅಳಿಯನ ಮೇಲೆ ಅಪನಂಬಿಕೆಯೇನೂ ಇಲ್ಲ. ಪಾಲುದಾರಿಕೆಯ ವ್ಯಾಪಾರದಲ್ಲಿ ಕರಾರಿನ ಪ್ರತಿ ಇಬ್ಬರ ಬಳಿಯೂ ಇರುವಂತೆಯೇ ಇದು.

ಐದನೆಯದು ಸಾಕಾರಮಂತ್ರಭೇದ. ಪರರ ಮುಖಭಾವ ಹುಬ್ಬಿನ ಚಲನೆಗಳಿಂದ ಅವರ ಮನಸ್ಸನ್ನು ಊಹಿಸಿ, ಅಸೂಯೆಯಿಂದ ಅದನ್ನು ಪ್ರಕಟಿಸುವುದು ಇದರ ಲಕ್ಷಣ. ಆ ಮದುವೆ ಬರೀ ವಿದೇಶಕ್ಕಾಗಿ ಎಂದು ರಾಯಭಾರ ಕಚೇರಿಗೆ ಹೆಸರಿಲ್ಲದ ಪತ್ರ ಬರೆಯುವವರು ಈ ಸಾಲಿಗೆ ಸೇರುತ್ತಾರೆ. ಸಂಬಂಧ ತಪ್ಪಿಹೋದ ಮನೆಯವರೋ, ಆಸ್ತಿಯ ಜಗಳವಿರುವ ದಾಯಾದಿಯೋ ಹೀಗೆ ಬರೆದ ಒಂದು ಪತ್ರದಿಂದ ನವದಂಪತಿಗಳು ವರ್ಷಗಟ್ಟಲೆ ಅಗಲಿರಬೇಕಾಗಬಹುದು. ನಿಜವಾದ ವಂಚನೆಯನ್ನು ಕಣ್ಣಾರೆ ಕಂಡವನು ತನ್ನ ಹೆಸರು ಬರೆದು ಹೇಳಲಿ. ಊಹೆಯನ್ನು ಕಂಡದ್ದೆಂದು ಬರೆಯುವುದು ಪಾಪವೇ ಸರಿ.

ಬಸದಿಗಳ ಮತ್ತು ಕಲ್ಯಾಣ ಮಂದಿರಗಳ ಆಡಳಿತ ಮಂಡಳಿಗಳಿಗೆ ಒಂದೆರಡು ಮಾತು. ನೀವು ಕೊಡುವ ವಿವಾಹದ ಪ್ರಮಾಣಪತ್ರ ಇಂದು ಊರಿನ ಎಲ್ಲೆ ದಾಟಿ ಹೋಗುತ್ತದೆ. ಭಾರತವು 2005ರಲ್ಲಿ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದ ಮೇಲೆ, ನಮ್ಮ ನೋಂದಣಿ ಪತ್ರಗಳಿಗೆ ವಿದೇಶಾಂಗ ಸಚಿವಾಲಯದ ಒಂದು ಮುದ್ರೆ ಬಿದ್ದರೆ ಒಪ್ಪಂದದ ದೇಶಗಳು ಅವುಗಳ ಸಹಿಮುದ್ರೆಗಳನ್ನು ಒಪ್ಪುತ್ತವೆ. ಮುದ್ರೆ ಕಾಗದದ ಸಹಿಗೆ ಹೊಣೆ. ಒಳಗಿನ ಮಾತು ನಿಜವೆಂಬುದಕ್ಕೆ ಹೊಣೆ ಮೊದಲು ಬರೆದುಕೊಟ್ಟ ನೀವು. ಆದ್ದರಿಂದ ವಿವಾಹಗಳಿಗೆಂದೇ ಪುಟಸಂಖ್ಯೆ ಹಾಕಿದ ಒಂದು ಪುಸ್ತಕವಿರಲಿ. ವಿಧಿ ನಡೆದ ದಿನವೇ ಅದರಲ್ಲಿ ವಧೂವರರು, ತಾಯ್ತಂದೆಗಳು, ಪುರೋಹಿತರು ಮತ್ತು ಇಬ್ಬರು ಸಾಕ್ಷಿಗಳು ಸಹಿ ಹಾಕಲಿ. ಆ ಪುಸ್ತಕದಲ್ಲಿ ಇಲ್ಲದ ಮದುವೆಗೆ ಎಷ್ಟೇ ದೊಡ್ಡ ದಾನಿಗಳು ಕೇಳಿದರೂ ಪತ್ರ ಕೊಡಬೇಡಿ. ದಿನಾಂಕ ಹಿಂದೆಮುಂದೆ ಮಾಡಬೇಡಿ. ಮೇಲೆ ಹೇಳಿದ ಪ್ರಕರಣದಲ್ಲಿ ಸುಳ್ಳಿನ ಬೀಜ ಬಿದ್ದದ್ದು ಒಂದು ಸಂಸ್ಥೆಯ ಪ್ರಮಾಣಪತ್ರದಲ್ಲಿಯೇ ಎಂಬುದನ್ನು ಮರೆಯಬಾರದು.

ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತಕ್ಕೆ ಉದಾಹರಣೆಯಾಗಿ ಬರುವವನು ಧನದೇವನೆಂಬ ವ್ಯಾಪಾರಿ. ಪ್ರಭಾಚಂದ್ರರ ಟೀಕೆಯಲ್ಲಿ ಅವನ ಕಥೆಯಿದೆ. ಧನದೇವನೂ ಜಿನದೇವನೂ ಲಾಭವನ್ನು ಸಮನಾಗಿ ಹಂಚಿಕೊಳ್ಳುವುದೆಂದು ಸಾಕ್ಷಿಗಳಿಲ್ಲದೆ ಬಾಯಿಮಾತಿನಲ್ಲಿ ಒಪ್ಪಂದ ಮಾಡಿಕೊಂಡು ದೂರದೇಶಕ್ಕೆ ಹೋಗಿ ಗಳಿಸಿ ಬಂದರು. ಜಿನದೇವ ಮಾತು ತಪ್ಪಿದ. ಜಗಳ ಬಂಧುಗಳ ಮುಂದೆ, ಕಡೆಗೆ ಅರಸನ ಮುಂದೆ ಬಂತು. ಸಾಕ್ಷಿಯಿಲ್ಲದುದರಿಂದ ಅಗ್ನಿದಿವ್ಯವಾಯಿತು, ಧನದೇವ ಶುದ್ಧನಾಗಿ ಹೊರಬಂದ. ಈ ಕಥೆಯಲ್ಲಿ ಎರಡು ಪಾಠಗಳಿವೆ. ಸತ್ಯಕ್ಕೆ ಸಾಕ್ಷಿಯಿಲ್ಲದಿದ್ದರೂ ಅದು ಸತ್ಯವೇ ಎಂಬುದು ಒಂದು. ಸಾಕ್ಷಿಯಿಲ್ಲದ ಸತ್ಯವಂತನು ಬೆಂಕಿಯನ್ನು ಹಿಡಿಯಬೇಕಾಗುತ್ತದೆ ಎಂಬುದು ಇನ್ನೊಂದು. ಇಂದು ದಿವ್ಯದ ಪದ್ಧತಿಯಿಲ್ಲ. ಅದರ ಬದಲು ವರ್ಷಗಟ್ಟಲೆ ಅಗಲಿಕೆಯ ಬೇಗೆಯಿದೆ.

ಸಾಕ್ಷಿ ಕೇಳುವವರಿಗೂ ನಮ್ಮ ಪುರಾಣದಲ್ಲಿ ಎಚ್ಚರಿಕೆಯಿದೆ. ರವಿಷೇಣರ ಪದ್ಮಪುರಾಣದಲ್ಲಿ ಸೀತೆ ಅಗ್ನಿಪರೀಕ್ಷೆಯಲ್ಲಿ ಗೆಲ್ಲುತ್ತಾಳೆ. ಆದರೆ ಗೆದ್ದ ಮೇಲೆ ರಾಮನ ಅರಮನೆಗೆ ಮರಳದೆ ದೀಕ್ಷೆ ವಹಿಸುತ್ತಾಳೆ. ಅತಿಯಾಗಿ ಪರೀಕ್ಷಿಸಿದವರಿಗೆ ಪ್ರಮಾಣ ದೊರೆಯಬಹುದು, ಸಂಬಂಧ ಉಳಿಯುವುದೆಂಬ ಭರವಸೆಯಿಲ್ಲ. ಸರ್ಕಾರಗಳು ಪರೀಕ್ಷೆಗೆ ಒಂದು ಮಿತಿಯಿಟ್ಟುಕೊಳ್ಳಬ���ಕೆಂದು ಕೇಳಲು ನಮಗೆ ಹಕ್ಕಿದೆ. ಆ ಹಕ್ಕಿಗೆ ಬಲ ಬರುವುದು ನಮ್ಮ ಕಡತ ಶುದ್ಧವಾಗಿದ್ದಾಗ.

ನಿಶ್ಚಯದೃಷ್ಟಿಯಿಂದ ನೋಡಿದರೆ ಇಬ್ಬರ ಮನಸ್ಸಿನ ಒಪ್ಪಂದವನ್ನು ಯಾವ ಕಾಗದವೂ ಹಿಡಿದಿಡಲಾರದು. ವ್ಯವಹಾರದೃಷ್ಟಿಯಿಂದ ನೋಡಿದರೆ ಕಾಗದವಿಲ್ಲದೆ ಇಂದು ಗಂಡಹೆಂಡಿರು ಒಂದೇ ಸೂರಿನಡಿ ಸೇರಲಾರರು. ಎರಡನ್ನೂ ಗೌರವಿಸುವುದು ಗೃಹಸ್ಥನ ಧರ್ಮ. ಆದುದರಿಂದ ಮದುವೆಯ ಮನೆಯವರು ಬಂದ ಚೀಟಿಗಳನ್ನು ಅಂದಂದೇ ಒಂದು ಪೆಟ್ಟಿಗೆಯಲ್ಲಿ ತೆಗೆದಿಡಲಿ. ಇಲ್ಲದುದನ್ನು ಇಲ್ಲವೆಂದು ಬರೆಯುವ ಧೈರ್ಯವನ್ನು ಹಿರಿಯರು ಕಿರಿಯರಿಗೆ ಕೊಡಲಿ. ಸಹಿ ಮಾಡುವವರು ತಾವು ಕಂಡಷ್ಟಕ್ಕೆ ಮಾತ್ರ ಸಹಿ ಮಾಡಲಿ. ಇಷ್ಟು ಮಾಡಿದ ಮೇಲೂ ಅನುಮತಿ ತಡವಾದರೆ, ಆ ತಡವನ್ನು ದಂಪತಿಗಳು ತಲೆಯೆತ್ತಿ ಸಹಿಸಬಹುದು. ಅವರು ಬಚ್ಚಿಡಬೇಕಾದದ್ದು ಆ ಕಡತದಲ್ಲಿ ಏನೂ ಇರುವುದಿಲ್ಲ.